ಬೈಗುಳ ನಿಂತ ಮನೆ

ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದದ್ದು ಅಜ್ಜಿಯ ಬೈಗುಳದಿಂದ. ಅಜ್ಜಿ ಅಂದರೆ ಅಪ್ಪನ ತಾಯಿ, ಕುಣಿಗಲ್ ತಾಲ್ಲೂಕಿನ ಅಮೃತೂರಿನವಳು. ಅಪ್ಪನಿಗೆ ತುಮಕೂರಿನಲ್ಲಿ ಪ್ರೈವೇಟ್ ಬಸ್ಸಿನ ಡ್ರೈವರ್ ಕೆಲಸ ಸಿಕ್ಕಿದಾಗ ಒಂದು ಟ್ರಂಕು, ಒಂದು ಎಲೆಅಡಿಕೆ ಚೀಲ ಹಿಡಿದುಕೊಂಡು ಮಗನ ಹಿಂದೆಯೇ ಬಂದವಳು ಮತ್ತೆ ಊರಿಗೆ ಹೋಗಿ ನಿಲ್ಲಲಿಲ್ಲ. ಸಾಲುಮನೆಗಳಲ್ಲಿ ನಮ್ಮದು ಕೊನೆಯದು. ಮುಂದೆ ಕಿರಿದಾದ ಜಗಲಿ, ಒಳಗೆ ಎಲ್ಲರೂ ಮಲಗುವ ಒಂದು ಕೋಣೆ, ಅದರ ಹಿಂದೆ ಅಡುಗೆಮನೆ, ಹಿತ್ತಿಲಲ್ಲಿ ನಲ್ಲಿ. ಗೋಡೆ ಎಷ್ಟು ತೆಳ್ಳಗಿತ್ತೆಂದರೆ ಪಕ್ಕದ ಮನೆಯವರ ಒಗ್ಗರಣೆ ಸಿಡಿದದ್ದು ನಮಗೆ ಕೇಳುತ್ತಿತ್ತು. ಅಜ್ಜಿ ಬೈದದ್ದು ಇಡೀ ಸಾಲಿಗೇ ಕೇಳುತ್ತಿತ್ತು.

“ಏಳ್ಲಾ ಮುಂಡೇಮಗನೆ, ಹೊತ್ತು ನೆತ್ತಿಗ್ ಬಂತು. ಏಯ್ ಮುಂಡೇದೇ, ನೀನೂ ಏಳು. ನಿಮ್ಮಪ್ಪ ಆಗ್ಲೇ ಕುಣಿಗಲ್ ಮುಟ್ಟವ್ನೆ, ನೀವಿನ್ನೂ ಬಿದ್ಕೊಂಡಿದೀರ.”

ಮೊದಲನೆಯದು ಅಣ್ಣ ಶಿವುಗೆ, ಎರಡನೆಯದು ಅವನ ತಂಗಿ ನನಗೆ. ಹೊತ್ತು ನೆತ್ತಿಗೇನೂ ಬಂದಿರುತ್ತಿರಲಿಲ್ಲ, ಆರು ಗಂಟೆಯೂ ಆಗಿರುತ್ತಿರಲಿಲ್ಲ. ಹೀಗೆ ಬೈಯುತ್ತಲೇ ಅವಳು ನಮ್ಮ ಹೊದಿಕೆ ಎಳೆದು, ಎಳೆದ ಕೈಯಲ್ಲೇ ನಮ್ಮ ತಲೆಗೂದಲು ಸವರಿ, ಮುದ್ದೆ ಕಟ್ಟಿ ಒರಟಾದ ಅಂಗೈಯಿಂದ ಕೆನ್ನೆ ತಟ್ಟುತ್ತಿದ್ದಳು. ಹಾಲಿನವನು ಬಡ್ಡೀಮಗ. ಹೋದ ಕರೆಂಟು ಬಡ್ಡೀಮಗಂದು. ಅಪ್ಪನಂತೂ ದಿನಕ್ಕೆ ಹತ್ತು ಸಲ ಮುಂಡೇಮಗ. ಅಪ್ಪ ಡ್ಯೂಟಿ ಮುಗಿಸಿ ಬಂದು ಚಪ್ಪಲಿ ಬಿಡುವಾಗ ಅಜ್ಜಿ ಜಗಲಿಯಿಂದಲೇ “ಬಂದ್ಯೇನ್ಲಾ ಮುಂಡೇಮಗನೆ, ಹೊಟ್ಟೆಗೇನಾರ ತಿಂದ್ಯಾ ಇಲ್ವಾ?” ಎಂದು ಕೇಳುವಳು. ಅಪ್ಪ ನಗುತ್ತ ಅವಳ ಪಕ್ಕ ಕೂತು ಒಂದು ಎಲೆ ಮಡಚಿಕೊಳ್ಳುವನು. ನನಗೆ ಗೊತ್ತಿದ್ದ ಮಟ್ಟಿಗೆ ಆ ಪದಕ್ಕೆ ಅರ್ಥವೇ ಇರಲಿಲ್ಲ. ಬೇರೆ ಮನೆಗಳಲ್ಲಿ ‘ಚಿನ್ನ’ ಅನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಹೀಗೆ ಅನ್ನುತ್ತಾರೆ ಎಂದುಕೊಂಡಿದ್ದೆ.

ಅಮ್ಮನಿಗೆ ಮಾತ್ರ ಇದು ಮೈಮೇಲೆ ಬಿಸಿ ಎಣ್ಣೆ ಸಿಡಿದಂತೆ. ಅವಳು ಗುಬ್ಬಿಯ ಒಬ್ಬ ಪ್ರೈಮರಿ ಸ್ಕೂಲ್ ಮೇಷ್ಟ್ರ ಮಗಳು. ಅವಳ ತವರಿನಲ್ಲಿ ಬೆಳಿಗ್ಗೆ ಎದ್ದರೆ ವಿಭೂತಿ, ಪೂಜೆ, ವಚನ. ಹಾಲು ಉಕ್ಕಿ ಒಲೆಯೆಲ್ಲ ಚೆಲ್ಲಿಹೋದರೂ ‘ಅಯ್ಯೋ ಶಿವನೇ’ ಎನ್ನುವುದೇ ಅಲ್ಲಿನ ದೊಡ್ಡ ಬೈಗುಳ. ಮದುವೆಯಾಗಿ ಬಂದ ಹೊಸದರಲ್ಲಿ ಅಜ್ಜಿ ಬಾಯಿ ತೆರೆದಾಗಲೆಲ್ಲ ಅಮ್ಮ ಅಡುಗೆಮನೆಗೆ ಹೋಗಿ ಪಾತ್ರೆ ಸದ್ದು ಮಾಡುತ್ತಿದ್ದಳಂತೆ, ಕಿವಿಗೆ ಬೀಳದಿರಲಿ ಎಂದು. ನನಗೆ ನೆನಪಿರುವ ಅಮ್ಮ ಸದ್ದು ಮಾಡುವುದನ್ನೂ ಬಿಟ್ಟಿದ್ದಳು. ತುಟಿ ಬಿಗಿಹಿಡಿದು ಕೆಲಸ ಮಾಡುತ್ತಿದ್ದಳು. ಹಾಗೆ ತುಟಿ ಬಿಗಿಹಿಡಿದೇ ಅವಳಿಗೆ ಆ ವಯಸ್ಸಿಗೇ ಬಾಯಿಯ ಎರಡೂ ಕಡೆ ಗೆರೆ ಬಿದ್ದಿತ್ತು.

ನನಗೆ ಏಳು ವರ್ಷವಿದ್ದಾಗ ಗುಬ್ಬಿಯ ತಾತನ ಮನೆಯಲ್ಲಿ ಒಂದು ಮಧ್ಯಾಹ್ನ ನಡೆದದ್ದು ನಮ್ಮ ಮನೆಯ ಮಾತುಕತೆಯನ್ನೇ ಬದಲಿಸಿಬಿಟ್ಟಿತು. ಅಂದು ಮಠದ ಅಯ್ಯನವರೊಬ್ಬರು ಪೂಜೆಗೆ ಬಂದಿದ್ದರು. ಪೂಜೆಯಾಗಿ, ಪಡಸಾಲೆಯಲ್ಲಿ ಎಲೆ ಹಾಕಿ, ಅಯ್ಯನವರು, ತಾತ, ಊರಿನ ನಾಲ್ಕು ಹಿರಿಯರು ಊಟಕ್ಕೆ ಕೂತಿದ್ದರು. ತಾತನಿಗೆ ನಾನೆಂದರೆ ಪ್ರೀತಿ, ಪಕ್ಕದಲ್ಲೇ ಕೂರಿಸಿಕೊಂಡಿದ್ದರು. ಆಟಕ್ಕೆಂದು ನನ್ನ ಎಲೆಯಿಂದ ಹೋಳಿಗೆ ಎತ್ತಿ ತಮ್ಮ ಎಲೆಗೆ ಹಾಕಿಕೊಂಡು, ಏನೂ ಗೊತ್ತಿಲ್ಲದವರಂತೆ ಬೇರೆ ಕಡೆ ನೋಡಿದರು. ನನಗೆ ನಗು ಬಂತು. ಅಷ್ಟು ಪ್ರೀತಿ ಬಂದಾಗ ನಮ್ಮ ಮನೆಯಲ್ಲಿ ಏನನ್ನುತ್ತಾರೋ ಅದನ್ನೇ ಅಂದೆ.

“ಏಯ್ ಮುಂಡೇಮಗನೆ, ಕೊಡ್ಲಾ ನನ್ ಹೋಳ್ಗೆ!”

ಬಡಿಸುತ್ತಿದ್ದವರ ಕೈ ನಿಂತಿತು. ಅಯ್ಯನವರು ಎಲೆಯ ಮೇಲಿನ ಕಣ್ಣು ಎತ್ತಲಿಲ್ಲ. ತಾತ ಹೋಳಿಗೆಯನ್ನು ನನ್ನ ಎಲೆಗೆ ಮೆಲ್ಲಗೆ ವಾಪಸ್ಸು ಇಟ್ಟರು. ಬೈಯಲಿಲ್ಲ, ಹೊಡೆಯಲಿಲ್ಲ. ಊಟ ಮುಗಿದು ಎಲ್ಲರೂ ಹೋದ ಮೇಲೆ ಅಮ್ಮನನ್ನು ಕರೆದು ಒಂದೇ ಮಾತು ಹೇಳಿದರು.

“ಮಗೂದು ತಪ್ಪಲ್ಲಮ್ಮ. ದಿನಾ ಏನ್ ಕೇಳುತ್ತೋ ಅದನ್ನೇ ಆಡುತ್ತೆ. ನೀನೂ ಅಲ್ಲೇ ಇದೀಯಲ್ಲ, ಅದೇ ನಂಗೆ ಬೇಜಾರು.”

ಗುಬ್ಬಿಯಿಂದ ತುಮಕೂರಿನವರೆಗೆ ಬಸ್ಸಿನಲ್ಲಿ ಅಮ್ಮ ನನ್ನ ಕೈ ಹಿಡಿದುಕೊಂಡಿದ್ದಳೇ ಹೊರತು ನನ್ನ ಮುಖ ನೋಡಲಿಲ್ಲ. ನಾನು ಏನು ತಪ್ಪು ಮಾಡಿದೆ ಎಂದು ಎರಡು ಸಲ ಕೇಳಿದೆ. ಎರಡನೇ ಸಲ ಅವಳು ಕಿಟಕಿಯ ಕಡೆ ತಿರುಗಿ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಮನೆಗೆ ಬಂದವಳು ಸೀರೆ ಬದಲಿಸದೆ, ನೀರು ಕುಡಿಯದೆ, ಅಪ್ಪ ಮತ್ತು ಅಜ್ಜಿಯ ಎದುರು ನಿಂತು ಹೇಳಿದಳು:

“ಇವತ್ತಿಂದ ಈ ಮನೇಲಿ ಯಾರ ಬಾಯಲ್ಲಿ ಕೆಟ್ಟ ಮಾತು ಬರುತ್ತೋ ಅವ್ರಿಗೆ ಒಳಗೆ ತಟ್ಟೆ ಇಡಲ್ಲ. ಜಗಲಿ ಮೇಲೆ ಕೂತು ಉಣ್ಲಿ. ಅದು ಮಕ್ಕಳಾದ್ರೂ ಸರಿ, ದೊಡ್ಡೋರಾದ್ರೂ ಸರಿ.”

“ನನ್ ಮಗನ್ ಮನೇಲಿ ನಂಗೇ ಕಾನೂನೇನವ್ವ?” ಅಜ್ಜಿ ಕೇಳಿದಳು. “ನಾನ್ ಹೆತ್ತೋನ್ನ ನಾನ್ ಬೈತೀನಿ.”

“ನೀವು ಹೆತ್ತೋರನ್ನ ನೀವು ಬೈಕೊಳ್ಳಿ ಅತ್ತೆ. ನಾನು ಹೆತ್ತೋರು ಅದನ್ನ ಕಲಿಯೋದು ಬೇಡ.”

ಅಮ್ಮ ಅಜ್ಜಿಗೆ ಎದುರು ಮಾತಾಡಿದ್ದು ಅದೇ ಮೊದಲು. ಅಪ್ಪ ತಲೆ ಕೆರೆದುಕೊಂಡ.

ಕಾನೂನು ಜಾರಿಗೆ ಬಂತು. ಮೊದಲ ದಿನವೇ ಅಜ್ಜಿ ತಾನಾಗಿ ತಟ್ಟೆ ಎತ್ತಿಕೊಂಡು ಜಗಲಿಗೆ ಹೋದಳು. ಒಲೆ ಹೊಗೆಗೆ ಬೈದಿದ್ದಳು. ಎರಡನೇ ದಿನ ಅಪ್ಪ ಹೋದ, ದಾರಿಯಲ್ಲಿ ಅಡ್ಡ ಬಂದ ಲಾರಿಯವನ ಕತೆ ಹೇಳುತ್ತ ಬಾಯಿ ಜಾರಿದ್ದ. ತಾಯಿ ಮಗ ಇಬ್ಬರೂ ಜಗಲಿಯ ಮೇಲೆ ಕಾಲು ಇಳಿಬಿಟ್ಟು ಕೂತು ಮುದ್ದೆ, ಹುರುಳಿಕಾಳಿನ ಸಾರು ಉಣ್ಣುತ್ತ, ರಸ್ತೆಯಲ್ಲಿ ಹೋಗಿಬರುವವರನ್ನು ಮಾತಾಡಿಸುತ್ತ ನಗುತ್ತಿದ್ದರು. ಒಳಗೆ ಕೂತ ನಮಗೆ ಆ ನಗು ಕೇಳುತ್ತಿತ್ತು. ಒಂದು ವಾರದಲ್ಲಿ ಶಿವು ಬೇಕೆಂದೇ ಒಂದು ಕೆಟ್ಟ ಮಾತು ಆಡಿ ತಟ್ಟೆ ಹಿಡಿದು ಹೊರಗೆ ಓಡಿದ. ಆಮೇಲೆ ನಾನೂ ಓಡಿದೆ. ಜಗಲಿಯಲ್ಲಿ ನಾಲ್ಕು ಜನಕ್ಕೆ ಜಾಗವಿರಲಿಲ್ಲ, ಒಬ್ಬರ ಮೊಣಕೈ ಇನ್ನೊಬ್ಬರ ತಟ್ಟೆಗೆ ತಾಗುತ್ತಿತ್ತು. ಅಪ್ಪ ಸಾರು ಕೇಳಲು ಒಳಗೆ ಹೋದವನು ಬೇಗ ಬರಲಿಲ್ಲ. ನಾನು ಇಣುಕಿ ನೋಡಿದೆ. ಅಮ್ಮ ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ಒಬ್ಬಳೇ ಉಣ್ಣುತ್ತಿದ್ದಳು. ಅಪ್ಪ ಅವಳ ಹಿಂದೆ ಪಾತ್ರೆ ಹಿಡಿದು ನಿಂತಿದ್ದ. ಅಂದಿನಿಂದ ಅಪ್ಪ ಮನೆಯೊಳಗೆ ಬೈಯುವುದನ್ನು ಬಿಟ್ಟ. ನಮ್ಮಿಬ್ಬರ ಕಿವಿ ಹಿಂಡಿ ಬಿಡಿಸಿದ. ಅಜ್ಜಿಗೆ ಮಾತ್ರ ಯಾರೂ ಏನೂ ಹೇಳಲಿಲ್ಲ. ಅವಳು ಮುಂದೆ ಐದು ವರ್ಷ ಬೈಯುತ್ತ, ಜಗಲಿಯಲ್ಲಿ ಉಣ್ಣುತ್ತ ಇದ್ದಳು. ಅದಕ್ಕೆ ಅವಳೂ ಒಗ್ಗಿದಳು, ಅಮ್ಮನೂ ಒಗ್ಗಿದಳು. ಮಾತಿಲ್ಲದ ಜಗಳವೊಂದು ಹೀಗೆ ದಿನಕ್ಕೆ ಎರಡು ಹೊತ್ತು, ತಟ್ಟೆ ಇಡುವ ಸದ್ದಿನಲ್ಲಿ ಮಾತ್ರ ನಡೆಯುತ್ತಿತ್ತು. ಅದರ ನಡುವೆ ಬೆಳೆದ ನಮಗೆ ಊಟದ ಹೊತ್ತೆಂದರೆ ಈಗಲೂ ಸಣ್ಣಗೆ ಹೆಗಲು ಬಿಗಿಯುತ್ತದೆ.

ಅಪ್ಪ ಸತ್ತದ್ದು ಕುಣಿಗಲ್ ಬಸ್‌ಸ್ಟ್ಯಾಂಡಿನಲ್ಲಿ. ಬೆಳಗಿನ ಟ್ರಿಪ್ಪು. ಬಸ್ಸು ನಿಲ್ಲಿಸಿ, ಜನ ಇಳಿದ ಮೇಲೆ, ಎದೆ ಹಿಡಿದುಕೊಂಡಂಗಾಗ್ತಿದೆ ಎಂದು ಕಂಡಕ್ಟರಿಗೆ ಹೇಳಿ ಬೆಂಚಿನ ಮೇಲೆ ಕೂತವನು ಹಾಗೇ ಪಕ್ಕಕ್ಕೆ ವಾಲಿದನಂತೆ. ಆಸ್ಪತ್ರೆ ತಲುಪುವ ಹೊತ್ತಿಗೆ ಮುಗಿದಿತ್ತು. ಶಿವುಗೆ ಹದಿನೈದು, ನನಗೆ ಹನ್ನೆರಡು. ಪಕ್ಕದ ಅಂಗಡಿಯ ಫೋನಿಗೆ ಸುದ್ದಿ ಬಂದಾಗ ಅಜ್ಜಿ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಅವಳು ಅಂದು ಅತ್ತ ರೀತಿಯನ್ನು ಬರೆಯಲು ನನಗೆ ಆಗುವುದಿಲ್ಲ. ಅಮ್ಮ ಅಳಲಿಲ್ಲ. ಬಂದವರಿಗೆಲ್ಲ ಕೂರಲು ಚಾಪೆ ಹಾಸುತ್ತಿದ್ದಳು, ಯಾರೋ ಕೈ ಹಿಡಿದು ನಿಲ್ಲಿಸುವವರೆಗೂ ಹಾಸುತ್ತಲೇ ಇದ್ದಳು.

ಹನ್ನೊಂದನೇ ದಿನದ ಕಾರ್ಯ ಮುಗಿಯಿತು. ಮರುದಿನ ಬೆಳಿಗ್ಗೆ ಮನೆಯಲ್ಲಿ ಇನ್ನೂ ಹತ್ತು ಹನ್ನೆರಡು ಜನ ನೆಂಟರಿದ್ದರು, ಕೋಣೆಯ ತುಂಬ ಮಲಗಿದ್ದರು. ಅಜ್ಜಿ ಎದ್ದಳು. ಅಷ್ಟು ದಿನ ಮಾತೇ ಆಡಿರಲಿಲ್ಲ. ಅಂದು ಏನಾಯಿತೋ, ನಿದ್ದೆಗಣ್ಣಿನಲ್ಲಿ ಕೈ ತಾನಾಗಿ ಶಿವುವಿನ ಹೊದಿಕೆಗೆ ಹೋಯಿತು, ಬಾಯಿ ತಾನಾಗಿ ತೆರೆಯಿತು.

“ಏಳ್ಲಾ ಮುಂಡೇಮಗನೆ, ಹೊತ್ತು…”

ಅಲ್ಲಿಗೇ ನಿಂತಿತು. ಹಿತ್ತಿಲಲ್ಲಿ ಅಮ್ಮ ಕೊಡಕ್ಕೆ ನೀರು ತುಂಬಿಸುತ್ತಿದ್ದಳು, ಆ ಸದ್ದೂ ನಿಂತಿತು. ಮಲಗಿದ್ದವರಲ್ಲಿ ಯಾರೋ “ಅಯ್ಯೋ ದೇವ್ರೇ” ಎಂದು ಮೆಲ್ಲಗೆ ಅಂದರು. ಮುಂಡೆ ಅಂದರೆ ಗಂಡ ಸತ್ತವಳು, ಮುಂಡೇಮಗ ಅಂದರೆ ಅವಳ ಮಗ. ಹುಟ್ಟಿದಾಗಿನಿಂದ ದಿನಾ ಕೇಳಿದ ಪದದ ಅರ್ಥ ಆ ಕ್ಷಣದಲ್ಲಿ ನನಗೆ ತಿಳಿಯಿತು. ಶಿವುಗೂ ತಿಳಿಯಿತು. ಅವನು ಎದ್ದು ಕೂತು ಅಜ್ಜಿಯ ಮುಖವನ್ನು ಒಂದು ಸಲ ನೋಡಿದ. ಅಜ್ಜಿ ಸೆರಗನ್ನು ಬಾಯಿಗೆ ತುರುಕಿಕೊಂಡು ಕುಸಿದು ಕೂತಳು. ಶಿವು ಅಂಗಿ ಹಾಕಿಕೊಂಡು ಹೊರಗೆ ಹೋದವನು ಸಂಜೆಯವರೆಗೂ ಬರಲಿಲ್ಲ. ಅಮ್ಮ ನೀರಿನ ಕೊಡ ತಂದಿಟ್ಟು, ಒಲೆ ಹಚ್ಚಿ, ಎಲ್ಲರಿಗೂ ಕಾಫಿ ಕೊಟ್ಟಳು. ಅಜ್ಜಿಗೂ ಕೊಟ್ಟಳು. ಲೋಟ ಇಡುವಾಗ ಅಜ್ಜಿಯ ಕಡೆ ನೋಡಲಿಲ್ಲ.

ಅಂದಿನಿಂದ ಅಜ್ಜಿ ಬೈಯುವುದು ನಿಂತಿತು. ಆ ಒಂದು ಪದವಷ್ಟೇ ಅಲ್ಲ, ಎಲ್ಲವೂ. ಹಾಲಿನವನು ತಡವಾಗಿ ಬಂದರೆ ಸುಮ್ಮನೆ ಪಾತ್ರೆ ಹಿಡಿಯುವಳು. ಕರೆಂಟು ಹೋದರೆ ಸುಮ್ಮನೆ ದೀಪ ಹುಡುಕುವಳು. ನಮ್ಮನ್ನು ಎಬ್ಬಿಸುವಾಗ ಹೊದಿಕೆ ಎಳೆಯದೆ ಹೆಗಲನ್ನು ಒಂದು ಬೆರಳಿನಿಂದ ಮುಟ್ಟುವಳು. ಈಗ ಅವಳ ತಟ್ಟೆ ಒಳಗೇ ಬಂತು. ಎಷ್ಟೋ ವರ್ಷದಿಂದ ಅಮ್ಮ ಬಯಸಿದ್ದು ಇದನ್ನೇ. ಬಯಸಿದ್ದು ಸಿಕ್ಕಿದಾಗ ನಾಲ್ವರೂ ಒಂದೇ ಕಡೆ ಕೂತು, ಒಂದು ಮಾತೂ ಇಲ್ಲದೆ ಉಂಡು ಏಳುತ್ತಿದ್ದೆವು.

ಅಮ್ಮ ಸತ್ಯಮಂಗಲದ ಒಂದು ಸಣ್ಣ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದಳು. ಬೆಳಿಗ್ಗೆ ಎಂಟಕ್ಕೆ ಹೋದರೆ ಬರುವಾಗ ಆರೂವರೆ. ಬಂದವಳು ಗೋಡೆಗೆ ಒರಗಿ ಕಾಲು ಚಾಚಿ ಸ್ವಲ್ಪ ಹೊತ್ತು ಕಣ್ಣು ಮುಚ್ಚುತ್ತಿದ್ದಳು. ಅಜ್ಜಿ ಬಿಸಿನೀರು ಕಾಯಿಸಿ ಇಡುತ್ತಿದ್ದಳು. ಇಬ್ಬರ ನಡುವೆ ಬೇಕಾದಷ್ಟೇ ಮಾತು. ಹೀಗೆ ಒಂದು ವರ್ಷ ಕಳೆದಿತ್ತು. ಅವರೆಕಾಯಿಯ ಕಾಲ ಮತ್ತೆ ಬಂದಿತ್ತು. ಒಂದು ಸಂಜೆ ಅಮ್ಮ ಬಂದು, ಮುಖ ತೊಳೆಯದೆ, ಅಜ್ಜಿಯ ಎದುರು ಕೂತು ನೆನೆಸಿದ ಕಾಳು ಹಿತುಕತೊಡಗಿದಳು. ನಾನು ಪಕ್ಕದಲ್ಲಿ ಓದುತ್ತಿದ್ದೆ. ಹತ್ತು ನಿಮಿಷದ ನಂತರ ಅಮ್ಮ ತಲೆ ಎತ್ತದೆ ಹೇಳಿದಳು.

“ಅತ್ತೆ, ಇವತ್ತು ಸೂಪರ್‌ವೈಸರ್ ಎಲ್ಲಾರ ಮುಂದೆ ನನ್ನ ಮುಂಡೆ ಅಂದ. ಒಂದು ಡಬ್ಬ ಕೆಳಗೆ ಬಿತ್ತು, ಅದಕ್ಕೆ. ‘ಬೆಳಿಗ್ಗೆ ಬೆಳಿಗ್ಗೆ ಮುಂಡೆ ಮುಖ ನೋಡ್ದೆ, ಹಿಂಗೇ ಆಗೋದು’ ಅಂದ.”

ಅಜ್ಜಿಯ ಕೈ ನಿಂತಿತು. ಆಮೇಲೆ ಹೇಳಿದ ಮಾತು ನನಗೆ ಇವತ್ತಿಗೂ ಅವಳ ದನಿಯಲ್ಲೇ ನೆನಪಿದೆ.

“ನಂಗೆ ಇಪ್ಪತ್ತೊಂದು ವರ್ಸಕ್ಕೇ ಗಂಡ ಹೋದ ಕಣವ್ವ. ನಿನ್ ಗಂಡ ಇನ್ನೂ ಅಂಬೆಗಾಲು. ಊರ್ನೋರು ನಂಗೆ ಹೆಸ್ರಿಡ್ದು ಕೂಗೋದೇ ಬುಟ್ರು. ಮುಂಡೆ ಬಂದ್ಲು, ಮುಂಡೆ ಹೋದ್ಲು. ಮಗೀಗೂ ಅಂಗೇ. ಆಡಾಕ್ ಹೋದ್ರೆ ಮುಂಡೇಮಗ, ನೀರ್ ಕೇಳಿದ್ರೆ ಮುಂಡೇಮಗ. ಅಳ್ತಾ ಬರೋನು. ಒಂದಿನ ಯೋಚ್ನೆ ಮಾಡ್ದೆ. ಅವ್ರ ಬಾಯಿಂದ ಕೇಳೋಕಿಂತ ಮುಂಚೆ ನನ್ ಬಾಯಿಂದ್ಲೇ ಕೇಳ್ಬುಡ್ಲಿ ಅಂತ. ಮುದ್ದೆ ತಿನ್ಸೋವಾಗ ಅಂದೆ, ತಲೆ ಬಾಚೋವಾಗ ಅಂದೆ, ತೊಡೆ ಮ್ಯಾಲ್ ಮಲಗಿಸ್ಕೊಂಡು ಅಂದೆ. ಆಮ್ಯಾಕೆ ಊರ್ನೋರು ಅಂದ್ರೆ ಅವ್ನು ಅಳ್ತಾ ಇರ್ಲಿಲ್ಲ. ನಗೋನು. ನಮ್ಮವ್ವನೂ ಹಿಂಗೇ ಅಂತಾಳೆ ಅನ್ನೋನು.”

ಅಮ್ಮ ಕಾಳು ಹಿತುಕುವುದನ್ನು ಬಿಟ್ಟು ಅವಳನ್ನೇ ನೋಡುತ್ತಿದ್ದಳು.

“ನಂಗೆ ಹೇಳ್ಬಾರ್ದಿತ್ತಾ ಅತ್ತೆ? ಅಷ್ಟು ವರ್ಷ ನಿಮ್ಮನ್ನ ಹೊರಗೆ ಕೂರಿಸಿ ಉಣ್ಣಿಸ್ದೆ.”

“ಏನಂತ ಹೇಳ್ಲಿ? ಅಂತಾ ಅಂತಾ ನಂಗೇ ಮರ್ತೋಗಿತ್ತು. ಅವತ್ತು ನಮ್ ಶಿವೂನ್ ಮಕ ನೋಡ್ದಾಗ ಗ್ಯಾಪ್ನ ಬಂತು. ಇನ್ ಈ ಬಾಯಲ್ಲಿ ಅದು ಬರಾಕಿಲ್ಲ.”

ಅಮ್ಮ ಅಂದು ಅಳಲು ಶುರುಮಾಡಿದಳು. ಅಪ್ಪ ಸತ್ತಾಗಿನಿಂದ ತಡೆದಿಟ್ಟದ್ದೆಲ್ಲ ಅಂದು ಬಂತೋ ಏನೋ. ಅಜ್ಜಿ ಅವಳ ಬೆನ್ನು ಸವರುತ್ತ ಕೂತಳು. ಸಾರು ಆ ದಿನ ಆಗಲಿಲ್ಲ, ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡು ಉಂಡೆವು.

ಮರುದಿನ ನನಗೆ ಸ್ಕೂಲಿಗೆ ರಜೆಯಿತ್ತು. ಅಮ್ಮ ಕೆಲಸಕ್ಕೆ ಹೋಗಿ ಒಂದು ಗಂಟೆಯಾದ ಮೇಲೆ ಅಜ್ಜಿ ಸೀರೆ ಬದಲಿಸಿ, “ಆ ಕಾರ್ಖಾನೆ ಎಲ್ಲೈತೆ, ತೋರ್ಸು ನಡಿ” ಎಂದಳು. ನಾನು ಬೇಡವೆಂದೆ. ಅವಳು ಕೇಳಲಿಲ್ಲ. ಸಿಟಿ ಬಸ್ಸು ಹತ್ತಿ ಸತ್ಯಮಂಗಲಕ್ಕೆ ಹೋದೆವು. ಗೇಟಿನ ಹತ್ತಿರ ನಿಂತು, ಸೂಪರ್‌ವೈಸರನನ್ನು ಕರೆಸು ಎಂದು ವಾಚ್‌ಮನ್‌ಗೆ ಹೇಳಿದಳು. ಸೂಪರ್‌ವೈಸರ್ ಏನೋ ಎಂದು ಬಂದ. ಆಮೇಲೆ ಅಜ್ಜಿ ಬಾಯಿ ತೆರೆದಳು. ಒಂದು ವರ್ಷ ಮುಚ್ಚಿದ್ದ ಬಾಯಿ. ಅಮೃತೂರಿನ ಕೆರೆ ಏರಿ, ಸಂತೆ, ಬಾವಿಕಟ್ಟೆಗಳಲ್ಲಿ ಕಲಿತದ್ದೆಲ್ಲ ಹೊರಗೆ ಬಂತು. ಅವನ ಹುಟ್ಟು, ಅವನ ಹಲ್ಲು, ಅವನು ಹಾಕಿದ್ದ ಪ್ಯಾಂಟು, ಯಾವುದನ್ನೂ ಬಿಡಲಿಲ್ಲ. ಆದರೆ ಮುಂಡೇಮಗ ಎಂದು ಒಮ್ಮೆಯೂ ಅನ್ನಲಿಲ್ಲ. ಕೆಲಸದವರೆಲ್ಲ ಬಂದು ಸೇರಿದರು, ಕೆಲವರು ನಕ್ಕರು. ಹಿಂದೆ ಅಮ್ಮ ನಿಂತಿದ್ದಳು. ತಡೆಯಲು ಬರುತ್ತಾಳೆ ಎಂದುಕೊಂಡೆ, ಬರಲಿಲ್ಲ. ಗಂಟಲು ಒಣಗಿ ಅಜ್ಜಿ ಕೆಮ್ಮಿದಾಗ ತನ್ನ ನೀರಿನ ಬಾಟಲಿ ತಂದುಕೊಟ್ಟು, “ಸಾಕು ಅತ್ತೆ, ಮನೆಗೆ ಹೋಗಿ” ಎಂದಳು, ಅಷ್ಟೇ.

ಇದರಿಂದ ಗೆದ್ದೆವು ಎಂದು ಹೇಳಲಾರೆ. ಆ ಮನುಷ್ಯ ಮತ್ತೆ ಅಮ್ಮನನ್ನು ಏನೂ ಅನ್ನಲಿಲ್ಲ, ನಿಜ. ಆದರೆ ಅಲ್ಲಿ ಬೇರೆ ಯಾರೂ ಅಮ್ಮನ ಜೊತೆ ಸರಿಯಾಗಿ ಮಾತಾಡಲೂ ಇಲ್ಲ. ಎರಡು ತಿಂಗಳಿಗೆ ಅವಳು ಆ ಕೆಲಸ ಬಿಟ್ಟು ಇನ್ನೊಂದು ಕಡೆ ಸೇರಿದಳು, ಅದು ಮನೆಗೆ ಇನ್ನೂ ದೂರ. ಅಜ್ಜಿಗೆ ಬಸ್ಸಿನಲ್ಲಿ ಬರುವಾಗಲೇ ಮೈ ನಡುಗುತ್ತಿತ್ತು, ಮೂರು ದಿನ ಜ್ವರದಲ್ಲಿ ಮಲಗಿದಳು. ಅಮ್ಮ ರಜೆ ಹಾಕಿ ಅವಳಿಗೆ ಗಂಜಿ ಕುಡಿಸಿದಳು. ನಾಲ್ಕು ವರ್ಷದ ನಂತರ ಅಜ್ಜಿ ತೀರಿಕೊಂಡಾಗ ಅವಳ ತಲೆ ಅಮ್ಮನ ತೊಡೆಯ ಮೇಲಿತ್ತು.

ನಾವು ಇದನ್ನೆಲ್ಲ ನೋಡಿ ಬೆಳೆದವರು, ಮಾತಿನ ಬೆಲೆ ನಮಗೆ ಗೊತ್ತಿರಬೇಕು ಎಂದು ಅಮ್ಮ ನಂಬಿದ್ದಳು. ನಾನೂ ನಂಬಿದ್ದೆ. ನಾನು ಓದು ಮುಗಿಸಿ ಕುಣಿಗಲ್ಲಿನ ಒಂದು ಸ್ಕೂಲಿನಲ್ಲಿ ಟೀಚರ್ ಆದೆ, ಅಲ್ಲೇ ಮದುವೆಯೂ ಆಯಿತು. ಶಿವು ಟೂ ವ್ಹೀಲರ್ ಗ್ಯಾರೇಜ್ ಹಾಕಿದ. ಗೀತಾ ಎಂಬ ಹುಡುಗಿಯನ್ನು ಮದುವೆಯಾದ. ಅಷ್ಟು ಹೊತ್ತಿಗೆ ಎಲ್ಲರ ಕೈಗೂ ಮೊಬೈಲ್ ಬಂದಿತ್ತು. ಶಿವು ದಿನವಿಡೀ ಅದನ್ನು ಕಿವಿಗೆ ಒತ್ತಿಕೊಂಡು ಬಿಡಿಭಾಗದ ಅಂಗಡಿಯವರಿಗೆ, ಗಿರಾಕಿಗಳಿಗೆ ಬಾಯಿಗೆ ಬಂದದ್ದನ್ನು ಅನ್ನುತ್ತಿದ್ದ. ಅಮ್ಮ ಮೊದಮೊದಲು ಹೇಳಿದಳು. ಅವನು “ಈಗ ಎಲ್ಲಾರೂ ಹಿಂಗೇ ಮಾತಾಡೋದಮ್ಮ, ಯಾರೂ ತಲೆ ಕೆಡಿಸ್ಕೊಳಲ್ಲ” ಎಂದ. ಅಮ್ಮ ಸುಮ್ಮನಾದಳು. ಅವಳು ಆಗಲೇ ದಣಿದಿದ್ದಳು. ಒಂದು ಮನೆಯ ಬಾಯಿಯನ್ನು ತಿದ್ದಲು ಒಬ್ಬಳು ಎಷ್ಟು ವರ್ಷ ನಿಲ್ಲಬಹುದು?

ಒಂದು ಭಾನುವಾರ ನಾನು ತುಮಕೂರಿಗೆ ಬಂದಿದ್ದೆ. ಊಟಕ್ಕೆ ಕೂತಿದ್ದೆವು. ಗೀತಾ ಅನ್ನ ಬಡಿಸುತ್ತಿದ್ದಳು, ಅವರ ನಾಲ್ಕು ವರ್ಷದ ಮಗಳು ನನ್ನ ಪಕ್ಕದಲ್ಲಿದ್ದಳು. ಗ್ಯಾರೇಜಿನ ಹುಡುಗನೊಬ್ಬ ಬೆಳಿಗ್ಗೆ ಮನೆಗೆ ಕೀ ಕೇಳಲು ಬಂದಾಗ ಗೀತಾ ಬಾಗಿಲಲ್ಲಿ ನಿಂತು ಅವನ ಜೊತೆ ಎರಡು ಮಾತಾಡಿ ನಕ್ಕಿದ್ದಳಂತೆ. ಶಿವು ಅದನ್ನು ಎತ್ತಿದ. ಗೀತಾ “ನಕ್ರೆ ಏನಾಯ್ತು ಈಗ?” ಎಂದಳು. ಆಗ ಶಿವು ಒಂದು ಪದ ಅಂದ. ಇಲ್ಲಿಯವರೆಗೆ ಎಷ್ಟೋ ಬೈಗುಳ ಬರೆದಿದ್ದೇನೆ, ಅದನ್ನು ಬರೆಯಲಾರೆ. ಹೆಂಗಸಿನ ನಡತೆಯ ಮೇಲೆ ಹಾಕುವ ಮಾತು ಅದು. ಅಜ್ಜಿಯ ಬಾಯಲ್ಲಿ ಯಾವ ಬೈಗುಳಕ್ಕೂ ಅರ್ಥವಿರಲಿಲ್ಲ. ಇವನು ಅಂದದ್ದಕ್ಕೆ ಅರ್ಥವಿತ್ತು, ಅದೇ ಅರ್ಥದಲ್ಲೇ ಅಂದಿದ್ದ. ಗೀತಾ ಅನ್ನದ ಪಾತ್ರೆ ಅಲ್ಲೇ ಇಟ್ಟು ಒಳಗೆ ಹೋದಳು.

ಅಮ್ಮ ಅವನಿಗೆ ಬೈಯುತ್ತಾಳೆ ಎಂದುಕೊಂಡೆ, ಹೊಡೆಯಲಿ ಎಂದೂ ಅಂದುಕೊಂಡೆ. ಅವಳು ಸೌಟು ಎತ್ತಿಕೊಂಡು ಅವನ ತಟ್ಟೆಗೆ ಸಾರು ಬಡಿಸಿದಳು.

“ಊಟ ಮಾಡಿ. ಇನ್ನೂ ಸ್ವಲ್ಪ ಅನ್ನ ಹಾಕ್ಲಾ ನಿಮಗೆ?”

ಶಿವು ನಕ್ಕ. “ಏನಮ್ಮಾ, ತಮಾಷೆನಾ?” ಎಂದ. ಅಮ್ಮ ನಗಲಿಲ್ಲ. ಅಂದಿನಿಂದ ಅವಳು ಹೆತ್ತ ಮಗನನ್ನು ಬಹುವಚನದಲ್ಲಿ ಮಾತಾಡಿಸತೊಡಗಿದಳು. ಕಾಫಿ ತಗೊಳ್ಳಿ. ನಿಮ್ಮ ಫೋನ್ ಬಂತು ನೋಡಿ. ನೀವು ಬರೋದು ತಡ ಆಗುತ್ತಾ? ದನಿಯಲ್ಲಿ ಸಿಟ್ಟಿಲ್ಲ, ಕೊಂಕಿಲ್ಲ. ಮನೆಗೆ ಬಂದ ಪರಿಚಯವಿಲ್ಲದವರ ಜೊತೆ ಆಡುವಂಥ ಮಾತು. ಶಿವು ಮೊದಲು ನಕ್ಕ, ಆಮೇಲೆ ರೇಗಿದ, ಆಮೇಲೆ ಕೇಳಿಸದವನಂತೆ ಓಡಾಡಿದ. ಗೀತಾ ಅವನ ಜೊತೆ ಬೇಕಾದಷ್ಟೇ ಮಾತಾಡುತ್ತಿದ್ದಳು. ತವರಿಗೆ ಹೋಗುತ್ತೀನಿ ಎಂದು ಒಂದು ಸಲ ಬ್ಯಾಗು ತುಂಬಿದಳು. ಅಮ್ಮ ಬ್ಯಾಗನ್ನು ಬಿಚ್ಚಿಸಿದಳು. “ನೀನ್ಯಾಕೆ ಹೋಗ್ಬೇಕು? ಇದು ನಿನ್ ಮನೆ” ಎಂದಳು. ಹೀಗೆ ಎಂಟು ತಿಂಗಳು ನಡೆಯಿತು. ನಾನು ಬಂದಾಗಲೆಲ್ಲ ಆ ಮನೆಯಲ್ಲಿ ಅರ್ಧ ದಿನ ಇರುವುದೂ ಕಷ್ಟವಾಗುತ್ತಿತ್ತು. ಶಿವುವಿನ ದನಿ ತಗ್ಗಿತ್ತು. ಫೋನಿನಲ್ಲೂ ತಗ್ಗಿತ್ತು. ಆದರೂ ಅಮ್ಮ ಬದಲಾಗಲಿಲ್ಲ.

ಆಮೇಲೆ ಒಂದು ಮಧ್ಯಾಹ್ನ. ಅಮ್ಮ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು. ನಾನು ಬಾಗಿಲ ಹತ್ತಿರ ಕೂತಿದ್ದೆ. ಗೀತಾ ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಶಿವು ಗ್ಯಾರೇಜಿನಿಂದ ಬಂದವನು ಕೈಯ ಗ್ರೀಸನ್ನೂ ತೊಳೆಯದೆ ಅಮ್ಮನ ಎದುರು ನೆಲದ ಮೇಲೆ ಕೂತ. ನಲವತ್ತರ ಹತ್ತಿರದ ಗಂಡಸಿನಂತೆ ಕಾಣುತ್ತಿದ್ದ, ಅವನಿಗಿನ್ನೂ ಮೂವತ್ತೂ ಆಗಿರಲಿಲ್ಲ.

“ಬೈಯಮ್ಮ,” ಎಂದ. “ಏನ್ ಬೇಕಾದ್ರೂ ಬೈ. ಹೊಡಿ ಬೇಕಾದ್ರೆ. ಹಿಂಗ್ ಮಾತ್ರ ಮಾತಾಡ್ಬೇಡ. ಯಾರೋ ಹೊರಗಿನವ್ನ ಥರ ಅನ್ಸುತ್ತಮ್ಮ ನಂಗೆ.”

ಅಮ್ಮ ಒಂದು ಕಲ್ಲು ಆರಿಸಿ ಪಕ್ಕಕ್ಕೆ ಹಾಕಿದಳು. ಇನ್ನೊಂದು ಆರಿಸಿದಳು. ಕೊನೆಗೆ ಹೇಳಿದಳು.

“ಬೈಯೋಕೂ ಶಕ್ತಿ ಬೇಕು ಕಣೋ ಶಿವು. ನನ್ ಹತ್ರ ಇಲ್ಲ.”

ಕಣೋ. ನನ್ನ ಕಿವಿಗೂ ಬಿತ್ತು, ಅವನ ಕಿವಿಗೂ ಬಿತ್ತು. ಶಿವು ಗ್ರೀಸಿನ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತ. ಅಮ್ಮ ಅವನ ತಲೆ ಸವರಲಿಲ್ಲ. ಹಿತ್ತಿಲ ಕಡೆ ತೋರಿಸಿ ಹೇಳಿದಳು.

“ನನ್ ಮುಂದೆ ಅತ್ರೆ ಏನ್ ಬಂತು? ನೀನಂದಿದ್ದು ನನ್ನನ್ನಲ್ಲ. ಎದ್ದೋಗು, ಅಲ್ಲಿದಾಳೆ.”

ಅವನು ಎದ್ದು ಹಿತ್ತಿಲಿಗೆ ಹೋದ. ನಾನು ಕೂತಲ್ಲಿಂದ ಗೀತಾಳ ಬೆನ್ನು ಮಾತ್ರ ಕಾಣುತ್ತಿತ್ತು. ಅವನು ಅವಳ ಹಿಂದೆ ನಿಂತು ಏನೋ ಹೇಳಿದ. ನೀರು ಜೋರಾಗಿ ಬೀಳುತ್ತಿತ್ತು, ಪಾತ್ರೆಯ ಸದ್ದಿತ್ತು, ನನಗೇನೂ ಕೇಳಿಸಲಿಲ್ಲ. ಅವಳು ತಿರುಗಲೂ ಇಲ್ಲ. ಒಂದು ಪಾತ್ರೆ ತೊಳೆದಳು, ಇನ್ನೊಂದು ತೊಳೆದಳು. ಅಮ್ಮ ಮೊರವನ್ನು ಮಡಿಲಿಂದ ಇಳಿಸಿ, ಗೋಡೆಗೆ ತಲೆ ಒರಗಿಸಿ ಕಣ್ಣು ಮುಚ್ಚಿದಳು. ಆಮೇಲೆ ಗೀತಾ ಕೈ ಚಾಚಿ ನಲ್ಲಿ ನಿಲ್ಲಿಸಿದಳು.

“ಕೇಳಿಸ್ಲಿಲ್ಲ,” ಎಂದಳು. “ಇನ್ನೊಂದ್ಸಲ ಹೇಳಿ.”